ವಿಟಮಿನ್ ಡಿ: ನಮ್ಮ ದೇಹ ಅದನ್ನು ಸಕ್ರಿಯಗೊಳಿಸುವುದು ಹೇಗೆ?

'ಬಿಸಿಲಿನಲ್ಲಿ ವಿಟಮಿನ್ ಡಿ ಇರುತ್ತದೆ' ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಬಿಸಿಲಿನಲ್ಲಿ ಯಾವ ವಿಟಮಿನ್ನೂ ಇಲ್ಲ. ಅದನ್ನು ತಯಾರಿಸುವುದು ನಮ್ಮ ಚರ್ಮ. ಹಾಗೆ ತಯಾರಾದದ್ದೂ, ನಾವು ನುಂಗುವ ಮಾತ್ರೆಯಲ್ಲಿರುವುದೂ ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಯಕೃತ್ತು ಮತ್ತು ಮೂತ್ರಪಿಂಡ ಎರಡೂ ಅದನ್ನು ಬದಲಾಯಿಸಿದ ನಂತರವೇ ಅದು ಸಕ್ರಿಯವಾಗುತ್ತದೆ.

ಮೊದಲ ಹಂತ: ಚರ್ಮ ಮತ್ತು ಕರುಳು

ನಮ್ಮ ಚರ್ಮದಲ್ಲಿ ಕೊಲೆಸ್ಟೆರಾಲ್‌ಗೆ ಹತ್ತಿರದ ಒಂದು ರಾಸಾಯನಿಕವಿದೆ. ಅದರ ಹೆಸರು 7-ಡಿಹೈಡ್ರೊಕೊಲೆಸ್ಟೆರಾಲ್. ಬಿಸಿಲಿನ ಅತಿನೇರಳೆ-ಬಿ ಕಿರಣ ಬಿದ್ದಾಗ ಅದರ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ನಂತರ ಮೈಯ ಶಾಖಕ್ಕೆ ಅದು ನಿಧಾನವಾಗಿ ವಿಟಮಿನ್ ಡಿ3 ಆಗುತ್ತದೆ.

ಆಹಾರ ಅಥವಾ ಮಾತ್ರೆಯಿಂದ ಬರುವ ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಕರುಳಿನಲ್ಲಿ ಪಿತ್ತರಸದ ನೆರವಿನಿಂದ, ಕೊಬ್ಬಿನ ಜೊತೆಗೇ ಅದು ಹೀರಲ್ಪಡುತ್ತದೆ. ಹಾಗಾಗಿಯೇ ಮಾತ್ರೆಯನ್ನು ಸ್ವಲ್ಪ ಎಣ್ಣೆ ಅಥವಾ ತುಪ್ಪ ಇರುವ ಊಟದ ನಂತರ ತೆಗೆದುಕೊಳ್ಳುವುದು ಒಳ್ಳೆಯದು.

ಎರಡನೇ ಹಂತ: ಯಕೃತ್ತು

ರಕ್ತದಲ್ಲಿ ಒಂದು ಪ್ರೋಟೀನಿಗೆ ಅಂಟಿಕೊಂಡು ವಿಟಮಿನ್ ಡಿ ಯಕೃತ್ತನ್ನು ತಲುಪುತ್ತದೆ. ಅಲ್ಲಿನ ಕಿಣ್ವಗಳು ಅದಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪನ್ನು ಸೇರಿಸುತ್ತವೆ. ಆಗ ಸಿಗುವುದು 25-ಹೈಡ್ರಾಕ್ಸಿ ವಿಟಮಿನ್ ಡಿ. ಇದು ಸುಮಾರು 2-3 ವಾರಗಳ ಅರ್ಧಾಯುಷ್ಯವುಳ್ಳ ದಾಸ್ತಾನು. ಪ್ರಯೋಗಾಲಯದ ವರದಿಯಲ್ಲಿ ನಾವು ನೋಡುವ ಅಂಕಿ ಸಾಮಾನ್ಯವಾಗಿ ಇದರದ್ದೇ.

ಮೂರನೇ ಹಂತ: ಮೂತ್ರಪಿಂಡ

ಮೂತ್ರಪಿಂಡದಲ್ಲಿ ಇನ್ನೊಂದು ಹೈಡ್ರಾಕ್ಸಿಲ್ ಗುಂಪು ಸೇರಿ ಕ್ಯಾಲ್ಸಿಟ್ರಯಾಲ್ ತಯಾರಾಗುತ್ತದೆ. ಇದೇ ಸಕ್ರಿಯ ರೂಪ. ಇದು ಹಾರ್ಮೋನಿನಂತೆ ಜೀವಕೋಶದ ಒಳಹೊಕ್ಕು, ಕರುಳಿನಿಂದ ಕ್ಯಾಲ್ಸಿಯಂ ಹೀರಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವಂತೆ ಸೂಚನೆ ಕೊಡುತ್ತದೆ.

ಕ್ಯಾಲ್ಸಿಟ್ರಯಾಲ್ ಎಷ್ಟು ಬೇಕು ಎಂಬುದನ್ನು ದೇಹ ಬಿಗಿಯಾಗಿ ನಿಯಂತ್ರಿಸುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸ್ರವಿಸಿ ಮೂತ್ರಪಿಂಡವನ್ನು ಚುರುಕುಗೊಳಿಸುತ್ತವೆ. ಹೆಚ್ಚಾದರೆ ಬೇರೊಂದು ಕಿಣ್ವ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ದಾಸ್ತಾನು ಕಡಿಮೆ ಇದ್ದಾಗಲೂ ಕ್ಯಾಲ್ಸಿಟ್ರಯಾಲ್ ಸಾಮಾನ್ಯ ಮಟ್ಟದಲ್ಲೇ ಕಾಣಿಸಬಹುದು. ಕೊರತೆಯನ್ನು ಪತ್ತೆಹಚ್ಚಲು ಅದನ್ನು ಅಳೆಯದಿರುವುದಕ್ಕೆ ಕಾರಣ ಇದೇ.

ಮೂತ್ರಪಿಂಡ ಕಾಯಿಲೆ ತೀವ್ರವಾಗಿರುವವರಲ್ಲಿ ಈ ಕೊನೆಯ ಹಂತವೇ ಕುಂಠಿತವಾಗುತ್ತದೆ. ಆದ್ದರಿಂದ ಅಂಥವರಲ್ಲಿ ಕೆಲವರಿಗೆ ವೈದ್ಯರು ಸಕ್ರಿಯ ರೂಪವನ್ನೇ ಔಷಧಿಯಾಗಿ ಕೊಡುತ್ತಾರೆ.

ಕೆಲವು ತಪ್ಪು ನಂಬಿಕೆಗಳು

ಎಳೆಬಿಸಿಲೇ ಸಾಕು: ಸೂರ್ಯ ಕೆಳಗಿರುವಾಗ ಅತಿನೇರಳೆ-ಬಿ ಕಿರಣಗಳ ಬಹುಪಾಲನ್ನು ವಾತಾವರಣವೇ ತಡೆಯುತ್ತದೆ. ನಮ್ಮ ನೆರಳು ನಮಗಿಂತ ಉದ್ದವಿದ್ದರೆ ವಿಟಮಿನ್ ಡಿ ಹೆಚ್ಚೇನೂ ತಯಾರಾಗುವುದಿಲ್ಲ.

ಕಿಟಕಿಯ ಪಕ್ಕ ಕುಳಿತರೂ ಆಗುತ್ತದೆ: ಮಾಮೂಲಿ ಗಾಜು ಈ ಕಿರಣಗಳನ್ನು ಬಹುತೇಕ ತಡೆಯುತ್ತದೆ.

ಹೆಚ್ಚು ತೆಗೆದುಕೊಂಡರೆ ಹೆಚ್ಚು ಲಾಭ: ಇದು ಅಪಾಯಕಾರಿ ನಂಬಿಕೆ. ಬಿಸಿಲಿನಿಂದ ವಿಟಮಿನ್ ಡಿ ವಿಪರೀತವಾಗುವುದಿಲ್ಲ, ಏಕೆಂದರೆ ಚರ್ಮದಲ್ಲಿ ಹೆಚ್ಚಾದದ್ದನ್ನು ಬಿಸಿಲೇ ನಿರುಪಯೋಗಿ ರೂಪಗಳಿಗೆ ಬದಲಾಯಿಸುತ್ತದೆ. ಮಾತ್ರೆಗೆ ಅಂಥ ತಡೆ ಇಲ್ಲ. ನಮ್ಮಲ್ಲಿ 60,000 ಐಯು ಪ್ರಮಾಣದ ಪುಡಿ ಮತ್ತು ಮಾತ್ರೆಗಳನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವು ವಾರಗಳಿಗೆ ಮಾತ್ರ ಬರೆದುಕೊಡುತ್ತಾರೆ. ಅದನ್ನೇ ದಿನವೂ ತೆಗೆದುಕೊಂಡರೆ, ಅಥವಾ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಮುಂದುವರಿಸಿದರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ವಾಕರಿಕೆ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಗೊಂದಲ ಇದರ ಲಕ್ಷಣಗಳು. ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಕೊಬ್ಬಿನಲ್ಲಿ ಸಂಗ್ರಹವಾಗಿರುವುದರಿಂದ, ಮಾತ್ರೆ ನಿಲ್ಲಿಸಿದರೂ ಪರಿಣಾಮ ವಾರಗಟ್ಟಲೆ ಉಳಿಯಬಹುದು.

ಔಷಧಿ ಚೀಟಿಯಲ್ಲಿ 'ವಾರಕ್ಕೊಮ್ಮೆ' ಎಂದಿದೆಯೇ, 'ದಿನಕ್ಕೊಮ್ಮೆ' ಎಂದಿದೆಯೇ, ಎಷ್ಟು ವಾರ ಎಂದಿದೆ ಎನ್ನುವುದನ್ನು ಓದಿ ಖಚಿತಪಡಿಸಿಕೊಳ್ಳಿ. ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇದ್ದರೆ, ಅಪಸ್ಮಾರಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ.