ಜಪಾನಿನ ಗಗನಸಾಹಸ ಚಿತ್ರಗಳು: ಪಡುವಣದ ಕಥೆ, ಕಂಪ್ಯೂಟರಿನ ಗೆರೆ

ಜಪಾನಿನ ಅನಿಮೆಯಲ್ಲಿ ಬಾಹ್ಯಾಕಾಶದ ಸಾಹಸಕಥೆ ಬೇರುಬಿಟ್ಟದ್ದು ಟಿ.ವಿ.ಯ ಬಡತನದಲ್ಲಿ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ ‘ಆಸ್ಟ್ರೊ ಬಾಯ್’ ಸರಣಿ ಶುರು ಮಾಡಿದಾಗ ವಾರಕ್ಕೊಂದು ಕಂತನ್ನು ಅತಿ ಕಡಿಮೆ ದುಡ್ಡಿನಲ್ಲಿ ಮುಗಿಸಬೇಕಿತ್ತು. ತೆಜುಕಾ ಡಿಸ್ನಿ, ಫ್ಲೈಶರ್ ಚಿತ್ರಗಳನ್ನು ನೋಡಿ ಬೆಳೆದವರು. ಅವರ ಪಾತ್ರಗಳ ದೊಡ್ಡ ಕಣ್ಣುಗಳ ಮೂಲ ಅಲ್ಲಿದೆ. ಆದರೆ ಡಿಸ್ನಿಯಂತೆ ಚಿತ್ರ ಬರೆಸುವ ತಾಕತ್ತು ಅವರಿಗಿರಲಿಲ್ಲ. ಒಂದೊಂದು ಚಿತ್ರವನ್ನೂ ಮೂರು ಫ್ರೇಮು ಹಿಡಿದಿಟ್ಟು, ಸೆಕೆಂಡಿಗೆ ಎಂಟೇ ಚಿತ್ರಗಳಲ್ಲಿ ಕೆಲಸ ತೂಗಿಸುವ ರೂಢಿ ಬಿತ್ತು. ಈ ಎಂಟರ ಲೆಕ್ಕವೇ ಮುಂದೆ ಕಂಪ್ಯೂಟರಿಗೆ ತೊಡಕಾಯಿತು.

ಗಗನಸಾಹಸಕ್ಕೆ ಗಾಂಭೀರ್ಯ ತಂದದ್ದು 1974ರ ಅಕ್ಟೋಬರಿನಲ್ಲಿ ಮೊದಲಾದ ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾತೊ’. ನಿರ್ಮಾಪಕ ಯೊಶಿನೊಬು ನಿಶಿಜಾಕಿ. ರೂಪ ಕೊಟ್ಟವರಲ್ಲಿ ಮುಖ್ಯರು ಲೇಜಿ ಮಾತ್ಸುಮೊತೊ. 1945ರಲ್ಲಿ ಮುಳುಗಿದ ಯುದ್ಧನೌಕೆಯೊಂದು ಗಗನನೌಕೆಯಾಗಿ ಎದ್ದು, ಭೂಮಿಯನ್ನು ಉಳಿಸಲು 1,48,000 ಜ್ಯೋತಿರ್ವರ್ಷ ದೂರ ಹೊರಡುವ ಕಥೆ. ಮೊದಲ ಪ್ರಸಾರಕ್ಕೆ ನೋಡುಗರು ಸಿಗದೆ ಸರಣಿ 26 ಕಂತಿಗೇ ನಿಂತಿತು. 1977ರಲ್ಲಿ ಕಂತುಗಳನ್ನು ಜೋಡಿಸಿ ಸಿನಿಮಾ ಮಾಡಿದಾಗ ಟಾಕೀಸಿನ ಮುಂದೆ ಸಾಲು ನಿಂತಿತು. ಅದೇ ವರ್ಷ ಅಮೆರಿಕದಲ್ಲಿ ‘ಸ್ಟಾರ್ ವಾರ್ಸ್’ ಬಂದಿತ್ತು. ಜಪಾನಿಗೆ ಅದು ಬಂದದ್ದು 1978ರಲ್ಲಿ. ಜಪಾನಿನ ಗಗನಸಾಹಸವನ್ನು ‘ಸ್ಟಾರ್ ವಾರ್ಸ್’ನ ನಕಲು ಎಂದು ತಳ್ಳಿಹಾಕುವವರು ಈ ಹಿಂದುಮುಂದನ್ನು ಗಮನಿಸುವುದಿಲ್ಲ. ಇಷ್ಟಕ್ಕೂ ‘ಸ್ಟಾರ್ ವಾರ್ಸ್’ನ ಜಾರ್ಜ್ ಲ್ಯೂಕಸ್ ತನ್ನ ಕಥೆಗೆ ಜಪಾನಿನದೇ ನಿರ್ದೇಶಕ ಕುರೊಸಾವಾರ 1958ರ ‘ದಿ ಹಿಡನ್ ಫೋರ್ಟ್ರೆಸ್’ನಿಂದ ಕೈಗಡ ತಂದವನೇ.

ಪಡುವಣದ ಸಾಲ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಅದರ ಬಹುಪಾಲು ಸಿನಿಮಾದಿಂದ ಬರದೆ ಅಗ್ಗದ ಕಾಗದದ ಕಥಾಪತ್ರಿಕೆಗಳಿಂದ, ಕಾದಂಬರಿಗಳಿಂದ ಬಂತು. ಎಡ್ಮಂಡ್ ಹ್ಯಾಮಿಲ್ಟನ್ 1940ರಲ್ಲಿ ಬರೆಯಲು ತೊಡಗಿದ್ದ ‘ಕ್ಯಾಪ್ಟನ್ ಫ್ಯೂಚರ್’ ಕಥೆಗಳನ್ನು ತೋಯಿ ಸಂಸ್ಥೆ 1978ರಲ್ಲಿ 52 ಕಂತುಗಳ ಸರಣಿಯಾಗಿಸಿತು. (ಹ್ಯಾಮಿಲ್ಟನ್ನರ ಹೆಂಡತಿ ಲೀ ಬ್ರ್ಯಾಕೆಟ್ ‘ಸ್ಟಾರ್ ವಾರ್ಸ್’ನ ಎರಡನೆಯ ಚಿತ್ರಕ್ಕೆ ಮೊದಲ ಕರಡು ಬರೆದಾಕೆ.) ರಾಬರ್ಟ್ ಹೈನ್‌ಲೈನ್‌ರ 1959ರ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಕಾದಂಬರಿಯಲ್ಲಿ ಸೈನಿಕ ತೊಡುವ ಯಂತ್ರಕವಚ ಬರುತ್ತದೆ. ಅದರ ಜಪಾನೀ ಅನುವಾದಕ್ಕೆ ಸ್ಟುಡಿಯೊ ನುಎ ಬರೆದ ಕವಚದ ಚಿತ್ರಗಳು ‘ಮೊಬೈಲ್ ಸೂಟ್ ಗುಂಡಮ್’ನ ಯಂತ್ರಗಳಿಗೆ ದಾರಿ ತೋರಿದವು. ಯೊಶಿಯುಕಿ ತೊಮಿನೊ ನಿರ್ದೇಶಿಸಿದ ಆ ಸರಣಿ 1979ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದರಲ್ಲಿ ಜನ ವಾಸಿಸುವ, ಉರುಳೆಯಾಕಾರದ ಗಗನವಸತಿಗಳು ಭೌತವಿಜ್ಞಾನಿ ಜೆರಾರ್ಡ್ ಓನೀಲ್‌ರ ಯೋಜನೆಗಳಿಂದ ಇಳಿದವು. ಬೆಳಕಿನ ಕತ್ತಿ ‘ಸ್ಟಾರ್ ವಾರ್ಸ್’ನಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಬುಯಿಚಿ ತೆರಾಸಾವಾರ ‘ಕೋಬ್ರಾ’ದ ನಾಯಕನಿಗೆ ಫ್ರೆಂಚ್ ನಟ ಜಾನ್-ಪಾಲ್ ಬೆಲ್ಮಾಂಡೋನ ಮುಖವಿದೆ, ಕಥೆಯ ಆರಂಭ ಫಿಲಿಪ್ ಕೆ. ಡಿಕ್‌ರ ಒಂದು ಸಣ್ಣಕಥೆಯನ್ನು ಹೋಲುತ್ತದೆ. ಇವೆಲ್ಲ ಅರಗಿ ರಕ್ತವಾದವು. ‘ಗುಂಡಮ್’ ನೋಡುವವನಿಗೆ ಹೈನ್‌ಲೈನ್ ನೆನಪಾಗುವುದಿಲ್ಲ, ಯುದ್ಧಕ್ಕೆ ಸಿಕ್ಕಿಬಿದ್ದ ಹುಡುಗನೊಬ್ಬನ ಸಿಡುಕು ನೆನಪಾಗುತ್ತದೆ.

ಕಂಪ್ಯೂಟರಿನ ಮಾತು ಬೇರೆ. ಈ ಕಥೆಗಳಲ್ಲಿ ಕಂಪ್ಯೂಟರ್ ಎಲ್ಲೆಲ್ಲೂ ಇತ್ತು, ಚಿತ್ರ ಬರೆಯುವ ಮೇಜಿನ ಮೇಲೆ ಮಾತ್ರ ಇರಲಿಲ್ಲ. ನೌಕೆಯ ಪರದೆಯ ಮೇಲಿನ ಹಸಿರು ಗೆರೆಗಳನ್ನೂ ಕೈಯಲ್ಲೇ ಎಳೆಯಬೇಕಿತ್ತು. ಅವು ಹೊಳೆಯಬೇಕಾದರೆ ಕಪ್ಪು ಹಾಳೆಯಲ್ಲಿ ಗೆರೆಯಷ್ಟೇ ಜಾಗ ಕತ್ತರಿಸಿ, ಬಣ್ಣದ ಜಿಲೆಟಿನ್ ಹಚ್ಚಿ, ಅಡಿಯಿಂದ ದೀಪ ಬಿಡುತ್ತಿದ್ದರು. ಒಮ್ಮೆ ಮಾಮೂಲಿ ಚಿತ್ರ ತೆಗೆದ ಫಿಲ್ಮನ್ನೇ ಹಿಂದಕ್ಕೆ ಸುತ್ತಿ, ಅದರ ಮೇಲೆ ಈ ಬೆಳಕನ್ನು ಎರಡನೆಯ ಸಲ ಹಿಡಿಯುತ್ತಿದ್ದರು. ಕಿಳ್ಳೇಕ್ಯಾತರ ತೊಗಲುಗೊಂಬೆಯಾಟ ನೋಡಿದವರಿಗೆ ಇದರ ಮೂಲತತ್ವ ಹೊಸದಲ್ಲ: ತೊಗಲಿಗೆ ಹೊಡೆದ ತೂತುಗಳಿಂದ ಹಿಂದಿನ ದೀಪ ಸೋರಿ ರಾವಣನ ಒಡವೆ ಮಿನುಗುತ್ತದೆ. ಯಮಾತೊ ಹಾರಿಸುವ ಮಹಾಫಿರಂಗಿಯ ಬೆಳಕೂ, ಲೇಸರ್ ಕಿರಣಗಳೂ ಇಂಥ ಉಪಾಯಗಳಿಂದಲೇ ಹೊಳೆದವು. ಇದು ಜಪಾನಿನ ಕೊರತೆ ಮಾತ್ರವಲ್ಲ. 1981ರ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ ಚಿತ್ರದಲ್ಲಿ ಕಂಪ್ಯೂಟರ್ ಬರೆದಂತೆ ಕಾಣುವ ಊರಿನ ನಕ್ಷೆ, ಹೊಳೆಯುವ ಪಟ್ಟಿ ಅಂಟಿಸಿದ ಮಾದರಿ ಕಟ್ಟಡಗಳ ಚಿತ್ರೀಕರಣವಾಗಿತ್ತು.

ನಿಜವಾದ ಕಂಪ್ಯೂಟರ್ ಚಿತ್ರ ಮೊದಲು ಪರದೆಯೊಳಗಿನ ಪರದೆಯಾಗಿ ಬಂತು. ‘ಸ್ಟಾರ್ ವಾರ್ಸ್’ನಲ್ಲಿ ವಿಮಾನಚಾಲಕರಿಗೆ ತೋರಿಸುವ ಡೆತ್ ಸ್ಟಾರ್ ಎಂಬ ಶತ್ರುನೆಲೆಯ ನಕ್ಷೆಯನ್ನು ಲ್ಯಾರಿ ಕ್ಯೂಬಾ ಕಂಪ್ಯೂಟರಿನಲ್ಲಿ ಮಾಡಿದ್ದರು. 1982ರಲ್ಲಿ ಕಂಪ್ಯೂಟರ್ ದೃಶ್ಯಗಳ ‘ಟ್ರಾನ್’ ಚಿತ್ರ ಬಂತು; ಅದೇ ವರ್ಷ ಒಸಾಕಾ ವಿಶ್ವವಿದ್ಯಾಲಯದಲ್ಲಿ ಕೊಇಚಿ ಒಮುರಾರ ತಂಡ ನೂರಾರು ಮೈಕ್ರೊಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸುವ ‘ಲಿಂಕ್ಸ್-1’ ಎಂಬ ಚಿತ್ರರಚನಾ ಯಂತ್ರವನ್ನು ಕಟ್ಟಿತು. ಮರುವರ್ಷ ಒಸಾಮು ದೆಜಾಕಿಯವರ ‘ಗೋಲ್ಗೊ 13’ರಲ್ಲಿ ಕಂಪ್ಯೂಟರ್ ಮಾಡಿದ ಹೆಲಿಕಾಪ್ಟರುಗಳು ಎತ್ತರದ ಕಟ್ಟಡಗಳ ನಡುವೆ ಹಾರಿದವು. ಅದು ಗಗನಸಾಹಸವಲ್ಲ, ಬಾಡಿಗೆ ಕೊಲೆಗಾರನ ಕಥೆ.

ಗಗನಸಾಹಸಕ್ಕೆ ಸರದಿ ಬಂದದ್ದು 1984ರ ಜುಲೈನಲ್ಲಿ, ‘ಲೆನ್ಸ್‌ಮನ್’ ಚಿತ್ರದಿಂದ. ನಿರ್ದೇಶಕರು ಯೊಶಿಯಾಕಿ ಕವಾಜಿರಿ ಮತ್ತು ಕಜುಯುಕಿ ಹಿರೊಕಾವಾ. ಕಂಪ್ಯೂಟರ್ ದೃಶ್ಯಗಳು ಜಪಾನ್ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್‌ನವು. ಮೂಲ ಇ.ಇ. ಸ್ಮಿತ್‌ರ ಕಾದಂಬರಿಗಳು. 1937ರಲ್ಲಿ ಧಾರಾವಾಹಿಯಾಗಿ ಬರತೊಡಗಿದ ‘ಗ್ಯಾಲಾಕ್ಟಿಕ್ ಪೆಟ್ರೋಲ್’ನಲ್ಲಿ ನಾಯಕ ಕಿಂಬಲ್ ಕಿನ್ನಿಸನ್ ತರಬೇತಿ ಮುಗಿಸಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದ ಅಧಿಕಾರಿ. ಚಿತ್ರದಲ್ಲಿ ಅವನು ದೂರದ ಗ್ರಹವೊಂದರ ರೈತರ ಹುಡುಗ. ಅಂದರೆ ‘ಸ್ಟಾರ್ ವಾರ್ಸ್’ನ ನಾಯಕ ಲ್ಯೂಕ್ ಸ್ಕೈವಾಕರ್‌ನ ಅಚ್ಚು. ‘ಸ್ಟಾರ್ ವಾರ್ಸ್’ಗೆ ಮುತ್ತಾತನಂತಿದ್ದ ಕಾದಂಬರಿಗೆ ಮೊಮ್ಮಗನ ಅಂಗಿ ತೊಡಿಸಿದಂತಾಯಿತು. ಕೈಯಲ್ಲಿ ಬರೆದ ಭಾಗ ಇವತ್ತಿಗೂ ಕಣ್ಣು ಸೆಳೆಯುತ್ತದೆ. ಕಂಪ್ಯೂಟರಿನ ನೌಕೆ ಬಂದಾಗಲೆಲ್ಲ ಬೇರೊಂದು ಚಿತ್ರ ಶುರುವಾದಂತೆ ಅನ್ನಿಸುತ್ತದೆ.

ಹಾಗೇಕೆ? ಕಂಪ್ಯೂಟರಿಗೆ ನೌಕೆಯೆಂದರೆ ಅಂಕಿಗಳ ಪಟ್ಟಿ. ಒಂದೊಂದು ಮೂಲೆಗೂ ಉದ್ದ, ಅಗಲ, ಎತ್ತರದ ಮೂರು ಸಂಖ್ಯೆ. ನೇಕಾರರ ಊರಾದ ರಾಮದುರ್ಗದಂಥಲ್ಲಿ, ಸೀರೆಯಂಚಿನ ಹೂವು ಗ್ರಾಫ್ ಹಾಳೆಯ ಚೌಕಗಳಿಗೆ ಇಳಿದು, ಜಕಾರ್ಡಿನ ರಟ್ಟಿನಲ್ಲಿ ತೂತಾಗುವುದನ್ನು ಕಂಡವರಿಗೆ ಈ ದಾರಿ ಅರ್ಥವಾದೀತು. ಲೆಕ್ಕ ತಪ್ಪುವುದಿಲ್ಲ, ಹಾಗಾಗಿ ನೌಕೆ ಎಲ್ಲಿ ತಿರುಗಿದರೂ ಅಳತೆ ಕೆಡುವುದಿಲ್ಲ. ಆದರೆ ಅದು ಸೆಕೆಂಡಿನ 24 ಫ್ರೇಮುಗಳಲ್ಲೂ ಎಣ್ಣೆ ಸುರಿದಂತೆ ಜಾರುತ್ತದೆ. ಪಕ್ಕದ ಮನುಷ್ಯರು ಎಂಟು ಚಿತ್ರಗಳಲ್ಲಿ ತಟತಟನೆ ನಡೆಯುತ್ತಾರೆ. ಮೈಗೆ ಕುಂಚದ ಒರಟೂ ಇಲ್ಲ, ಅಂಚಿಗೆ ಮಸಿಯ ಗೆರೆಯೂ ಇಲ್ಲ.

ಕೈ ಅಷ್ಟರಲ್ಲಿ ತನ್ನದೇ ದಾರಿಯಲ್ಲಿ ಮುಂದೆ ಹೋಗಿತ್ತು. ‘ಲೆನ್ಸ್‌ಮನ್’ ಬಂದ ತಿಂಗಳಲ್ಲೇ ತೆರೆಕಂಡ ‘ಮ್ಯಾಕ್ರಾಸ್’ ಚಿತ್ರದಲ್ಲಿ ಇಚಿರೊ ಇತಾನೊ ಬರೆದ ಕ್ಷಿಪಣಿ ದಾಳಿಗಳಿವೆ. ಹತ್ತಾರು ಕ್ಷಿಪಣಿಗಳು ಒಂದೊಂದೂ ಬೇರೆ ಬಾಗಿನಲ್ಲಿ ಹೊಗೆ ಎಳೆದು ನುಗ್ಗುತ್ತವೆ, ಕ್ಯಾಮೆರಾವೂ ಅವುಗಳ ಜೊತೆಗೇ ಓಡಿದಂತೆ. ಲೆಕ್ಕದ ಪ್ರಕಾರ ಆ ಬಾಗುಗಳು ಸರಿಯಿಲ್ಲ. ಕ್ಷಿಪಣಿ ಕೆಲವೆಡೆ ಅಗತ್ಯಕ್ಕಿಂತ ಉದ್ದವಾಗುತ್ತದೆ, ಹೊಗೆ ಬೇಕೆಂದೇ ತಡವಾಗಿ ಬರುತ್ತದೆ. ಆ ತಪ್ಪಿನಲ್ಲೇ ವೇಗವಿದೆ. ಅಂದಿನ ಯಾವ ಕಂಪ್ಯೂಟರಿಗೂ ಹಾಗೆ ತಪ್ಪಲು ಬರುತ್ತಿರಲಿಲ್ಲ.

ಮುಂದಿನ ಹತ್ತು ವರ್ಷ ಕಂಪ್ಯೂಟರ್ ಮತ್ತೆ ಪರದೆ, ಮಾಪಕಗಳ ಮೂಲೆಗೆ ಸರಿಯಿತು. 1988ರ ‘ಅಕಿರಾ’ದಲ್ಲೂ ಅದರ ಪಾಲು ಬಹುಮಟ್ಟಿಗೆ ಅಷ್ಟೇ. 1994ರ ‘ಮ್ಯಾಕ್ರಾಸ್ ಪ್ಲಸ್’ ಅದಕ್ಕೆ ಹೊಂದುವ ಪಾತ್ರವನ್ನು ಹುಡುಕಿತು: ಅಲ್ಲಿನ ಗಾಯಕಿಯೇ ಒಂದು ಕಂಪ್ಯೂಟರ್. ಅದರ ನಿರ್ದೇಶಕರಲ್ಲೊಬ್ಬರಾದ ಶಿನಿಚಿರೊ ವಾತಾನಬೆ 1998ರಲ್ಲಿ ‘ಕೌಬಾಯ್ ಬಿಬಾಪ್’ ಮಾಡಿದರು. ಜಾಝ್, ಕೌಬಾಯ್ ಚಿತ್ರ, ಪತ್ತೇದಾರಿ ಸಿನಿಮಾ ಮೂರೂ ಬೆರೆತ ಆ ಸರಣಿಯಲ್ಲಿ ಗ್ರಹಗಳ ನಡುವಣ ದ್ವಾರಗಳನ್ನು ಕಂಪ್ಯೂಟರ್ ಕಟ್ಟಿತು, ಮನುಷ್ಯರನ್ನು ಕೈ ಬರೆಯಿತು. 1990ರ ದಶಕದ ಕೊನೆಗೆ ಸ್ಟುಡಿಯೊಗಳು ಚಿತ್ರ ಬರೆಯುವ ಪಾರದರ್ಶಕ ಸೆಲ್ ಹಾಳೆ ಬಿಟ್ಟು ಪರದೆಯ ಮೇಲೇ ಬಣ್ಣ ತುಂಬತೊಡಗಿದ ಮೇಲೆ ಎರಡನ್ನೂ ಒಂದೇ ಕಡೆ ಬೆರೆಸುವುದು ಸಲೀಸಾಯಿತು. ಮೂರು ಆಯಾಮದ ಆಕಾರಕ್ಕೆ ಚಪ್ಪಟೆ ಬಣ್ಣ, ಮಸಿಯಂಚು ಕೊಡುವ ಸಾಫ್ಟ್‌ವೇರುಗಳೂ ಬಂದವು.

2012ರಲ್ಲಿ ಯಮಾತೊ ‘2199’ ಎಂಬ ಹೆಸರಿನಲ್ಲಿ ಮತ್ತೆ ಹೊರಟಿತು, ಅವೇ 26 ಕಂತುಗಳಲ್ಲಿ. ಈ ಸಲ ನೌಕೆ ಕಂಪ್ಯೂಟರಿನದು, ಅದರ ಮೈಮೇಲಿನ ಗೆರೆಗಳು ಮಾತ್ರ ಕೈಯಲ್ಲಿ ಎಳೆದಂತೆ ಕಾಣುತ್ತವೆ. ಈಚಿನ ಅನಿಮೆಯಲ್ಲಿ ಕಂಪ್ಯೂಟರ್ ಪಾತ್ರಗಳ ಚಲನೆಯಿಂದ ಬೇಕೆಂದೇ ಕೆಲವು ಫ್ರೇಮುಗಳನ್ನು ತೆಗೆದುಹಾಕಿ, ಸೆಕೆಂಡಿಗೆ ಹನ್ನೆರಡಕ್ಕೋ ಎಂಟಕ್ಕೋ ಇಳಿಸುವುದು ವಾಡಿಕೆಯಾಗಿದೆ.