ಬಾದಾಮಿಯ ಮರಳುಗಲ್ಲು ಮತ್ತು ಅದರ ಮೇಲಿನ ಅಕ್ಷರ

ಶಾಸನದ ಲಿಪಿ, ಭಾಷೆ, ಕಾಲ, ಅರಸನ ಹೆಸರು ಎಲ್ಲ ಬರೆದುಕೊಳ್ಳುವ ನಾವು ಕಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ‘ಬಂಡೆಯ ಮೇಲಿದೆ’ ಅಂತ ಮುಗಿಸಿಬಿಡುತ್ತೇವೆ. ಬಾದಾಮಿಯಲ್ಲಿ ಅಷ್ಟು ಸಾಲದು. ಕ್ರಿ.ಶ. 543ರ ಒಂದನೇ ಪುಲಕೇಶಿಯ ಬಂಡೆಗಲ್ಲು ಶಾಸನ, ಮೂರನೇ ಗುಹೆಯಲ್ಲಿರುವ 578ರ ಮಂಗಳೇಶನ ಶಾಸನ, ತ್ರಿಪದಿಗೆ ಹೆಸರಾದ ಕಪ್ಪೆ ಅರಭಟ್ಟನ ಶಾಸನ, ಮೂರೂ ಕೊರೆದಿರುವುದು ಮರಳುಗಲ್ಲಿನಲ್ಲೇ.

ಈ ಕಲ್ಲನ್ನು ಗುರುತಿಸೋದು ಕಷ್ಟವಲ್ಲ. ಬೆಟ್ಟದ ಬುಡದಲ್ಲಿ ಉದುರಿಬಿದ್ದ ಚೂರೊಂದನ್ನು ಮಸೂರದಲ್ಲಿ ನೋಡಿ. ಹೊಳೆಯ ಮರಳಿನಂತೆ ಬಿಡಿಬಿಡಿ ಕಣಗಳು ಕಾಣುತ್ತವೆ. ಕಣದ ಅಳತೆ ಹೆಚ್ಚೆಂದರೆ 2 ಮಿಲಿಮೀಟರ್, ಬಹುಪಾಲು ಬೆಣಚುಕಲ್ಲಿನವು. ಇವನ್ನು ಹಿಡಿದಿಟ್ಟಿರುವ ಅಂಟಿನಲ್ಲಿ ಕಬ್ಬಿಣದ ಅಂಶ ಇರೋದರಿಂದಲೇ ಆ ಕೆಂಪು. ಹಂಪಿಯ ಗ್ರಾನೈಟಿನಲ್ಲಿ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ನಡುವೆ ಅಂಟು ಇರೋದಿಲ್ಲ. ಹಳೇಬೀಡಿನ ಬಳಪದ ಕಲ್ಲಿನಲ್ಲಂತೂ ಬರಿಗಣ್ಣಿಗೆ ಕಣವೇ ಕಾಣದು, ಮುಟ್ಟಿದರೆ ನುಣುಪು.

ಇನ್ನೊಂದು ಗುರುತು ಪದರ. ಗುಹೆಗಳ ಗೋಡೆಯಲ್ಲಿ ಅಡ್ಡಗೆರೆಗಳು ಕಾಣುತ್ತವಲ್ಲ, ಅವು ಒಂದರ ಮೇಲೊಂದು ಕೂತ ಮರಳಿನ ಹಾಸುಗಳು. ಕೆಲವು ಕಡೆ ಹಾಸಿನೊಳಗೆ ಓರೆಗೆರೆಗಳೂ ಇವೆ: ಮರಳನ್ನು ತಂದುಹಾಕಿದ ಹರಿವು ಯಾವ ದಿಕ್ಕಿಗೆ ಇಳಿಯುತ್ತಿತ್ತು ಅನ್ನೋದನ್ನು ಅವು ತೋರಿಸುತ್ತವೆ. (ನನ್ನ ಮಟ್ಟಿಗೆ ಅದೂ ಒಂದು ಶಾಸನವೇ, ಲಿಪಿಯಿಲ್ಲದ್ದು.)

ಓದುವವರಿಗೆ ತೊಡಕು ಇಲ್ಲೇ. ಪದರದ ಗೆರೆ ಅಕ್ಷರದ ತಲೆಕಟ್ಟಿನ ಹಾಗೆ ಕಾಣಬಹುದು. ಕಣ ಉದುರಿದ ಕುಳಿ ಸೊನ್ನೆಯ ಹಾಗೆ ಕಾಣಬಹುದು. ಗೆರೆ ಅಕ್ಷರವನ್ನು ದಾಟಿ ಪಕ್ಕದ ಖಾಲಿ ಜಾಗಕ್ಕೂ ಮುಂದುವರಿದಿದ್ದರೆ ಅದು ಕಲ್ಲಿನದು ಅಂತ ಮೊದಲು ಅನುಮಾನಿಸಿ. ಉಳಿಯ ಗೆರೆಗೆ ಒಂದು ಆರಂಭ, ಒಂದು ಕೊನೆ, ಒಂದು ಆಳ ಇರುತ್ತದೆ.

ಸೀಮೆಸುಣ್ಣ ತಿಕ್ಕಬೇಡಿ ಅಂತ ಹೇಳೋದೂ ಇದಕ್ಕೇ. ನೀರು, ಉಪ್ಪು ಸೇರಿ ಅಂಟು ಸಡಿಲವಾದ ಕಡೆ ಬೆರಳು ಸವರಿದರೂ ಮರಳು ಉದುರುತ್ತದೆ, ಅದರ ಜೊತೆಗೆ ಅಕ್ಷರದ ಅಂಚೂ ಹೋಗುತ್ತದೆ. ಅಲ್ಲದೆ ಸುಣ್ಣ ತುಂಬಿದ ಫೋಟೋದಲ್ಲಿ ನಾವು ನೋಡೋದು ತುಂಬಿದವರ ಓದನ್ನು. ತಪ್ಪು ಗೆರೆಗೆ ಬಳಿದಿದ್ದರೆ ಮುಂದಿನವರೂ ಅದನ್ನೇ ಓದುತ್ತಾರೆ. ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿದು, ಮೊದಲು ಎಡದಿಂದ, ಆಮೇಲೆ ಮೇಲಿನಿಂದ ಬೆಳಕು ಬಿಟ್ಟು ಎರಡು ಫೋಟೋ ತೆಗೆಯಿರಿ. ಎಡದ ಬೆಳಕಿನಲ್ಲಿ ಪದರದ ಅಡ್ಡಗೆರೆಗಳು ಮಂಕಾಗಿ, ಅಕ್ಷರದ ಉದ್ದಗೆರೆಗಳು ಎದ್ದು ಕಾಣುತ್ತವೆ. ಮೇಲಿನ ಬೆಳಕಿನಲ್ಲಿ ಅದು ತಿರುವುಮುರುವು.