ಸಾಕುಪ್ರಾಣಿಗಳ ಹಲ್ಲುಗಳು ಮತ್ತು ವಸಡಿನ ರೋಗ

ಸಾಕುಪ್ರಾಣಿಗಳ ದಂತರಚನೆಯು ಅವುಗಳ ಆಹಾರಕ್ರಮವನ್ನು ಅನುಸರಿಸಿ ಭಿನ್ನವಾಗಿರುವುದು. ಪ್ರೌಢ ನಾಯಿಗೆ 42, ಬೆಕ್ಕಿಗೆ 30 ಹಲ್ಲುಗಳು. 32 ಹಲ್ಲುಗಳುಳ್ಳ ದನಕ್ಕಾದರೋ ಮೇಲ್ದವಡೆಯಲ್ಲಿ ಬಾಚಿಹಲ್ಲುಗಳೇ ಇಲ್ಲದೆ, ಅವುಗಳ ಸ್ಥಾನದಲ್ಲಿ ಗಡುಸಾದ ದಿಂಡೊಂದಿದ್ದು, ಕೆಳಗಿನ 8 ಮುಂಹಲ್ಲುಗಳು ಅದಕ್ಕೆ ಒತ್ತಿ ಹುಲ್ಲನ್ನು ಕೊಯ್ಯುವುವು. ಸುಮಾರು ಎರಡನೆಯ ವರ್ಷದಿಂದ ಹಾಲುಹಲ್ಲುಗಳು ಜೋಡಿಜೋಡಿಯಾಗಿ ಬಿದ್ದು ಶಾಶ್ವತ ದಂತಗಳು ಮೂಡುವುದರಿಂದ, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಜಾತ್ರೆಗಳಲ್ಲಿ ರೈತರು ಎತ್ತಿನ ವಯಸ್ಸನ್ನು ನಿರ್ಣಯಿಸುವ ಕ್ರಮವು ಶಾಸ್ತ್ರಸಮ್ಮತವೇ ಆಗಿದೆ.

ವಸಡಿನ ರೋಗವು ನಾಯಿಗಳಲ್ಲಿ, ವಿಶೇಷವಾಗಿ ಹಲ್ಲುಗಳು ಇಕ್ಕಟ್ಟಾಗಿರುವ ಸಣ್ಣ ತಳಿಗಳಲ್ಲಿ, ಅತ್ಯಂತ ಸಾಮಾನ್ಯವಾದರೂ ಮೌನವಾಗಿ ಬೆಳೆಯುವಂಥದು. ಹಲ್ಲಿನ ಮೇಲೆ ಕಟ್ಟುವ ಸೂಕ್ಷ್ಮಜೀವಿಗಳ ಲೋಳೆಪೊರೆಯು ಲಾಲಾರಸದ ಖನಿಜಗಳಿಂದ ಘನೀಭವಿಸಿ ಕಿಟ್ಟವಾಗುವುದು. ವಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಒಸರುವ ಈ ಪ್ರಥಮಾವಸ್ಥೆಯು ಶುಚೀಕರಣದಿಂದ ಗುಣವಾಗುವುದಾದರೂ, ಉರಿಯೂತವು ಆಳಕ್ಕಿಳಿದು ಬೇರನ್ನು ದವಡೆಗೆ ಬಂಧಿಸುವ ತಂತುಗಳನ್ನೂ ಅಸ್ಥಿಯನ್ನೂ ಕ್ಷಯಿಸಿದ ಮೇಲೆ ನಷ್ಟವಾದುದು ಸಹಜವಾಗಿ ಮರಳಿ ಬಾರದು. ಬಾಯಿಯ ದುರ್ಗಂಧವನ್ನು ಪ್ರಾಣಿಯ ಸಹಜಗುಣವೆಂದು ಉಪೇಕ್ಷಿಸುವುದು ಶೋಚನೀಯ. ನೋವನ್ನು ಮರೆಮಾಚಿ ಮೇಯುವುದೂ ತಿನ್ನುವುದೂ ಪ್ರಾಣಿಗಳ ಸ್ವಭಾವ. ಕುರಿಗಳಲ್ಲಿ ಇದೇ ಬಗೆಯ ವ್ಯಾಧಿಯಿಂದ ಮುಂಹಲ್ಲುಗಳು ಅಕಾಲದಲ್ಲಿ ಉದುರಿ, ಮೇವಿದ್ದರೂ ಅವು ಕೃಶವಾಗುವುವು. ಕುದುರೆಗಳಲ್ಲಿ ದವಡೆಹಲ್ಲುಗಳ ಸಂದಿನಲ್ಲಿ ಸಿಕ್ಕ ಮೇವು ಕೊಳೆತು ವಸಡನ್ನು ಕೆಡಿಸುವುದು.

ವಸಡಿನ ಕೆಳಗಿನ ಕಿಟ್ಟವನ್ನು ಪಶುವೈದ್ಯರು ಅರಿವಳಿಕೆಯಲ್ಲಿಯೇ ತೆಗೆಯಬೇಕು. ಮನೆಯಲ್ಲಿ ನಿತ್ಯವೂ ಮೃದುವಾದ ಕುಂಚದಿಂದ ಉಜ್ಜುವುದು ಶ್ರೇಷ್ಠ. ಆದರೆ ಮನುಷ್ಯರ ಪೇಸ್ಟು ಸಲ್ಲದು, ಅಂಥ ಪೇಸ್ಟುಗಳಲ್ಲಿ ಕೆಲವಕ್ಕೆ ಬೆರೆಸುವ ಕ್ಸೈಲಿಟಾಲ್ ನಾಯಿಗೆ ವಿಷ.